ಒಲೆ ಸುಂಕ

ನಮ್ಮ ಮನೆಯಲ್ಲಿ ಅಡುಗೆಮನೆ ಎಂದರೆ ಹೆದ್ದಾರಿ. ಮುಂದಿನ ಕೋಣೆಯಿಂದ ಬಚ್ಚಲಿಗೆ ಹೋಗಲಿ, ಹಿತ್ತಲಿಗೆ ಹೋಗಲಿ, ಒಲೆಯ ಪಕ್ಕದಿಂದಲೇ ಹಾಯಬೇಕು. ಹಾಯುವವರು ಸುಮ್ಮನೆ ಹಾಯುವಂತಿಲ್ಲ. ಕಟ್ಟೆಯ ಮೇಲಿನ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಪಾತ್ರೆಗೆ ಹಾಕಿಯೇ ಮುಂದೆ ಹೋಗಬೇಕು. ಅಪ್ಪ ಇದಕ್ಕೆ ಇಟ್ಟ ಹೆಸರು ಒಲೆ ಸುಂಕ. ಅಮ್ಮ ಮಾತ್ರ ಉಪ್ಪು ಮುಟ್ಟುವುದಿಲ್ಲ. "ಬೇಯಿಸೋದು ನನ್ನ ಕೆಲಸ, ರುಚಿ ನಿಮ್ಮ ಪಾಲು" ಅನ್ನುತ್ತಾಳೆ. ಅಪ್ಪನದು, ಅಕ್ಕನದು, ನನ್ನದು ಸೇರಿದರೆ ಊಟಕ್ಕೆ ಹದ. ಅಕ್ಕ ಊರಲ್ಲಿಲ್ಲದ ದಿನ ತಟ್ಟೆಯೇ ಅದನ್ನು ಹೇಳುತ್ತಿತ್ತು.

ಅಂಥ ಹೆದ್ದಾರಿಗೆ ಆ ಶನಿವಾರ ಬೆಳಿಗ್ಗೆ ಅಕ್ಕ ಅಡ್ಡಗಟ್ಟೆ ಹಾಕಿದಳು. ನಿಜವಾದ ಅಡ್ಡಗಟ್ಟೆಯೇ. ಅಪ್ಪನ ಹೊಲಿಗೆ ಅಂಗಡಿಯಿಂದ ಅಳತೆಯ ಟೇಪು ತಂದು ಬಾಗಿಲಿಗೆ ಅಡ್ಡ ಕಟ್ಟಿದ್ದಳು.

"ಇವತ್ತು ಅಮ್ಮ, ನಾನು ಬಿಟ್ಟು ಒಬ್ರೂ ಒಳಗೆ ಕಾಲಿಡಬಾರ್ದು. ಯಾರೂ ಏನೂ ಹಾಕಬಾರ್ದು. ನಾನೂ ಹಾಕಲ್ಲ. ನೀನಂತೂ ಹತ್ರಾನೂ ಬರ್ಬೇಡ!"

ನಾನು ಮೂಗು ಹಿಡಿದುಕೊಂಡು, ಬಸ್ ನಿಲ್ದಾಣದಲ್ಲಿ ದಿನವೂ ಸಂಬಳಕ್ಕೆ ಹೊರಡಿಸುವ ದನಿಯನ್ನು ಬಿಟ್ಟಿಯಾಗಿ ಹೊರಡಿಸಿದೆ. "ಪ್ರಯಾಣಿಕರ ಗಮನಕ್ಕೆ! ಒಲೆ ಮಾರ್ಗವಾಗಿ ಬಚ್ಚಲಿಗೆ ಹೊರಡಬೇಕಿದ್ದ ಅಪ್ಪನವರನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ. ಆಗುವ ಅನಾಹುತಕ್ಕೆ ವಿಷಾದಿಸುತ್ತೇವೆ."

"ಅನಾಹುತ ಆಗೋದ್ರೊಳಗೆ ದಾರಿ ಬಿಡ್ರೋ" ಎಂದರು ಅಪ್ಪ, ಟವೆಲ್ ಹೆಗಲಿಗೆ ಹಾಕಿಕೊಂಡು. ಕೊನೆಗೆ ಬೀದಿ ಸುತ್ತಿ ಹಿತ್ತಲ ಬಾಗಿಲಿಂದ ಬಚ್ಚಲಿಗೆ ಹೋದರು.

ಅಕ್ಕನಿಗೆ ನಗು ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದವಳು ಭಾವಿ ಭಾವನ ಮಗಳು. ಭಾವಿ ಭಾವ ಕನ್ನಡಕದ ಅಂಗಡಿಯವರು, ಬಾವಿಯಷ್ಟೇ ಆಳ, ಬಾವಿಯಷ್ಟೇ ಮೌನ. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಅವರ ಲೋಕ. ಮಗಳು ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ ಎಂದು ಅಕ್ಕನೂ ಅವರೂ ಕೂಡಿಯೇ ತೀರ್ಮಾನಿಸಿದ್ದರು. ಮಗಳನ್ನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಒಂದೇ: "ನೋಡ್ತೀನಿ."

ನೋಡುವುದಕ್ಕೇ ಈಗ ಬರುತ್ತಿದ್ದಳು, ಭಾನುವಾರ ಸಂಜೆಯವರೆಗೆ. ಆದರೆ ಅವಳಿಗೆ ಹಾಲು ಆಗದು, ಗೋಧಿ ಆಗದು, ಮೊಟ್ಟೆ ಆಗದು, ಎಳ್ಳು ಆಗದು. ಕಡಲೆಕಾಯಿಯಂತೂ ಸೋಕಿದರೂ ಗಂಟಲು ಬಿಗಿದು ಆಸ್ಪತ್ರೆಗೆ ಓಡಬೇಕು.

"ಗಾಳಿ ಆಗುತ್ತಾ?" ಎಂದು ಅಪ್ಪ ಕೇಳಿದ್ದಕ್ಕೆ ಅಕ್ಕ ನೋಡಿದ ನೋಟದಲ್ಲಿ ಇಸ್ತ್ರಿ ಮಾಡಬಹುದಿತ್ತು.

ಆ ಹುಡುಗಿ ಯಾರ ಮನೆಗೆ ಹೋದರೂ ತನ್ನದೇ ಸ್ಟೀಲ್ ಡಬ್ಬಿ ಒಯ್ಯುತ್ತಾಳೆ, ಒಂದು ಮೂಲೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಾಳೆ. "ಇವತ್ತು ಆ ಡಬ್ಬಿ ಮುಚ್ಚಳ ತೆಗೀದೆ ಇದ್ರೆ ಸಾಕು. ನಮ್ಮ ಜೊತೆ ಕೂತು ಉಂಡ್ರೆ ಸಾಕು" ಎಂದು ಅಕ್ಕ ವಾರವಿಡೀ ಜಪ ಮಾಡಿದ್ದಳು. ಹಾಗಾಗಿ ಕಡಲೆಕಾಯಿ ಎಣ್ಣೆಯ ಡಬ್ಬ ಪಕ್ಕದ ಮನೆಗೆ ವಲಸೆ ಹೋಗಿತ್ತು. ಮರದ ಸೌಟಿಗೆ ನಿವೃತ್ತಿಯಾಗಿತ್ತು. ಎಲ್ಲರ ಬೆರಳೂ ಬಿದ್ದ ಉಪ್ಪಿನ ಡಬ್ಬಿ ಖಾಲಿಯಾಗಿ, ಹೊಸ ಪೊಟ್ಟಣ ಒಡೆಯದೆ ಕಪಾಟು ಸೇರಿತ್ತು. ಅಮ್ಮ ಹೊಸ ಪಾತ್ರೆಯಲ್ಲಿ ಕುಂಬಳಕಾಯಿ ಸೂಪು ಕುದಿಸಿದಳು, ಆಲೂಗಡ್ಡೆ ಹುರಿದಳು, ಅನ್ನ ಮಾಡಿದಳು, ಸೇಬು ಬೇಯಿಸಿದಳು. ಬಾಗಿಲ ಟೇಪಿನಾಚೆ ನಿಂತು ಅಪ್ಪನೂ ನಾನೂ ಮೂಗಿನಿಂದಲೇ ಉಂಡೆವು.

ಕರೆಗಂಟೆ ಸದ್ದಾಯಿತು. ಬಂದಳು! ಎರಡು ಜಡೆ, ಬೆನ್ನಿಗೆ ಚೀಲ, ಕೈಯಲ್ಲಿ ಡಬ್ಬಿ, ಕೊರಳಲ್ಲಿ ಸಣ್ಣ ಪೌಚು. ಅದರಲ್ಲಿ ತುರ್ತು ಇಂಜೆಕ್ಷನ್ ಇದೆ, ಹೀಗೆ ತೊಡೆಗೆ ಒತ್ತಬೇಕು ಎಂದು ಭಾವಿ ಭಾವ ತೋರಿಸಿಕೊಟ್ಟು, ಎರಡು ಸಲ ಹಿಂತಿರುಗಿ ನೋಡಿ, ಹೊರಟರು.

ಹುಡುಗಿ ನಮ್ಮಲ್ಲಿ ಯಾರನ್ನೂ ಏನೆಂದೂ ಕರೆಯಲಿಲ್ಲ. ಎಲ್ಲರಿಗೂ ಬರೀ "ನೀವು". ಟೇಪು ದಾಟಿ ನೇರ ಒಲೆಯ ಬಳಿಗೆ ನಡೆದಳು.

"ಸೌಟು ಹೊಸದಾ?"

"ಹೂಂ ಪುಟ್ಟಾ, ಮೊನ್ನೆ ತಂದಿದ್ದು" ಎಂದಳು ಅಕ್ಕ.

"ಎಣ್ಣೆ ಯಾವುದು?"

"ಸೂರ್ಯಕಾಂತಿ. ನೋಡು, ಬಾಟ್ಲು ಇಲ್ಲೇ ಇದೆ."

"ಪಾತ್ರೆ ತೊಳೆದ ಸ್ಪಂಜು?"

ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ನನ್ನ ಅತ್ತೆನೂ ಇಷ್ಟು ಕೇಳಿರ್ಲಿಲ್ಲ ಕಣೋ."

ನಾನು ತಡೆಯಲಾರದೆ ಮೂಗು ಹಿಡಿದೆ. "ಪ್ರಯಾಣಿಕರ ಗಮನಕ್ಕೆ! ತಪಾಸಣಾ ಅಧಿಕಾರಿಗಳು ಒಂದನೇ ಅಂಕಣಕ್ಕೆ ಆಗಮಿಸಿದ್ದಾರೆ. ಸ್ಪಂಜು ಇದ್ದಲ್ಲೇ ನಿಲ್ಲತಕ್ಕದ್ದು!"

ಹುಡುಗಿ ಗಕ್ಕನೆ ತಿರುಗಿದಳು. ತುಟಿಯ ತುದಿ ಒಂದಿಷ್ಟು ಅಲುಗಿತು. ಅಷ್ಟೆ. ಆದರೆ ಅಕ್ಕ ಹಿಂದಿನಿಂದ ನನ್ನ ಬೆನ್ನಿಗೆ ಕೊಟ್ಟ ಗುದ್ದಿನಲ್ಲಿ ಮೊದಲ ಸಲ ಪ್ರೀತಿಯಿತ್ತು.

ತಪಾಸಣೆ ಮುಗಿಯಿತು. ಮೇಜಿಗೆ ಬಂದು ಕೂತಳು. ಮೂಲೆಗೆ ಹೋಗಲಿಲ್ಲ, ನಮ್ಮ ಮಧ್ಯೆಯೇ! ಡಬ್ಬಿಯನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡಳು. ಅತಿಥಿ ಉಂಡ ಮೇಲೆ ನಾವು ಎಂದು ಅಮ್ಮ ಕಣ್ಣಲ್ಲೇ ಹೇಳಿದ್ದರಿಂದ ಯಾರೂ ತಟ್ಟೆ ಮುಟ್ಟಲಿಲ್ಲ. ಹುಡುಗಿ ಸೂಪಿನ ಚಮಚ ಎತ್ತಿದಳು. ಅಪ್ಪ ಸೂಜಿಗೆ ದಾರ ಪೋಣಿಸುವಾಗ ಮಾಡುವಂತೆ ಉಸಿರು ಬಿಗಿಹಿಡಿದರು.

ನುಂಗಿದಳು. ಚಮಚ ಕೆಳಗಿಟ್ಟಳು. ಕೈ ಮೆಲ್ಲಗೆ ಡಬ್ಬಿಯ ಮುಚ್ಚಳದ ಮೇಲೆ ಹೋಯಿತು.

ಅಕ್ಕ ಕುರ್ಚಿ ಕೆಡವಿಕೊಂಡು ಎದ್ದಳು. "ಏನಾಯ್ತು? ಗಂಟಲು? ಕೆರೀತಿದ್ಯಾ? ಏಯ್, ಆ ಪೌಚು ತೆಗಿಯೋ!"

"ಗಂಟಲಿಗೆ ಏನೂ ಆಗಿಲ್ಲ" ಎಂದಳು ಹುಡುಗಿ, ಬಹಳ ಸಂಕೋಚದಿಂದ. "ಉಪ್ಪಿಲ್ಲ."

ನಾನು ಸೂಪು ನೆಕ್ಕಿದೆ, ಅಪ್ಪ ಆಲೂಗಡ್ಡೆ ಕಚ್ಚಿದರು. ಚಿಟಿಕೆಯೆಂಬುದು ಯಾವುದಕ್ಕೂ ಬಿದ್ದಿರಲಿಲ್ಲ.

"ಅಮ್ಮಾ, ನೀನು ಹಾಕ್ಲಿಲ್ವಾ?" ಎಂದಳು ಅಕ್ಕ.

"ನಾನ್ಯಾವತ್ತೇ ಹಾಕಿದೀನಿ? ಮದ್ವೆ ಆದಾಗ್ಲಿಂದ ಹಾಕಿಲ್ಲ!"

"ನೀನು ನಿಂತ್ಕೊಂಡಿದ್ಯಲ್ಲೇ ಪಕ್ಕದಲ್ಲೇ" ಎಂದು ಅಪ್ಪ ಅಕ್ಕನ ಕಡೆ ತಿರುಗಿದರು.

"ಯಾರೂ ಏನೂ ಹಾಕಬಾರ್ದು ಅಂತ ಹೇಳಿದ್ದೇ ನಾನು! ನಾನೇ ಹಾಕ್ಲಾ?"

"ನನ್ನನ್ನು ಬೀದಿ ಸುತ್ತಿಸ್ದೆ. ಅನುಭವಿಸು."

"ಸುಂಕ ಇಲ್ದೆ ಸರ್ಕಾರ ನಡಿಯುತ್ತೇನೇ?" ನಾನೂ ಒಗ್ಗರಣೆ ಹಾಕಿದೆ.

ಅಕ್ಕನ ಕಣ್ಣು ತುಂಬಿತು. ಐದು ವಿಷವನ್ನೂ ಮನೆಯಿಂದ ಓಡಿಸಿದವಳು ಉಪ್ಪಿಗೆ ಸೋತಿದ್ದಳು. ಹುಡುಗಿ ಅವಳನ್ನೇ ನೋಡುತ್ತಿದ್ದಳು. ಕೈ ಇನ್ನೂ ಮುಚ್ಚಳದ ಮೇಲೇ ಇತ್ತು.

"ಸುಂಕ ಅಂದ್ರೇನು?"

ಅಕ್ಕ ಮೂಗೊರೆಸಿಕೊಂಡು ಎಲ್ಲವನ್ನೂ ಹೇಳಿದಳು. ಹೆದ್ದಾರಿ, ತಲೆಗೊಂದು ಚಿಟಿಕೆ, ಒಬ್ಬರಿಲ್ಲದಿದ್ದರೆ ತಟ್ಟೆಗೆ ಗೊತ್ತಾಗುವುದು. "ಇವತ್ತು ನಿನಗೆ ಏನಾದ್ರೂ ಆಗಿಬಿಟ್ರೆ ಅಂತ ಭಯಕ್ಕೆ ಎಲ್ಲರ ಕೈನೂ ಕಟ್ಟಿಹಾಕ್ದೆ ಪುಟ್ಟಾ. ತಪ್ಪಾಯ್ತು. ನೀನು ನಿನ್ನ ಡಬ್ಬೀನೇ ತಿನ್ನು, ಪರವಾಗಿಲ್ಲ."

ಹುಡುಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆಯಲಿಲ್ಲ. ಎದ್ದು ಹೋಗಿ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದಳು.

"ಉಪ್ಪೆಲ್ಲಿದೆ?"

ಅಕ್ಕ ಹೊಸ ಪೊಟ್ಟಣ ಕೊಟ್ಟಳು. ಹುಡುಗಿ ಹಿಂದೆಮುಂದೆ ತಿರುಗಿಸಿ ಓದಿದಳು. "ಉಪ್ಪು. ಬರೀ ಉಪ್ಪು. ಸರಿ." ಒಡೆದು, ಮೂರು ಬೆರಳಲ್ಲಿ ಒಂದು ಚಿಟಿಕೆ ಹಿಡಿದು, ಸ್ಟೂಲು ಹತ್ತಿ, ಪಾತ್ರೆಯ ಮೇಲೆ ಎತ್ತರದಿಂದ ಉದುರಿಸಿದಳು. ಆಮೇಲೆ ನಮ್ಮತ್ತ ತಿರುಗಿ ಮೂಗು ಹಿಡಿದಳು.

"ಪ್ರಯಾಣಿಕರ ಗಮನಕ್ಕೆ! ಎಲ್ಲರೂ ಕೈ ತೊಳೆದು ಸಾಲಾಗಿ ಬರತಕ್ಕದ್ದು!"

ನನ್ನ ದನಿಯೇ! ನನಗಿಂತ ಚೆನ್ನಾಗಿ! ನನ್ನ ಕೆಲಸ ಹೋಯಿತು ಎಂದುಕೊಂಡೆ. ಅಪ್ಪ ಅಳತೆಯ ಟೇಪನ್ನು ಕಿತ್ತು ಕೊರಳಿಗೆ ಹಾಕಿಕೊಂಡು ಸಾಲಿನಲ್ಲಿ ಮೊದಲು ನಿಂತರು.

"ಉಗುರು ತೋರ್ಸಿ. ಊಹೂಂ, ಇನ್ನೊಂದ್ಸಲ ತೊಳ್ಕೊಂಡು ಬನ್ನಿ ಅಜ್ಜ."

ಅಜ್ಜ! ಅಪ್ಪ ಮೂರು ಸಲ ತೊಳೆದರು.

ಹುಡುಗಿ ಎರಡು ತಟ್ಟೆ ಉಂಡಳು. ಬೇಯಿಸಿದ ಸೇಬಿಗಾಗಿ ನನ್ನೊಂದಿಗೆ ಜಗಳವಾಡಿದಳು. ಭಾವಿ ಭಾವನ ಫೋನು ಬಂದಾಗ ಅವಳಿನ್ನೂ ಬೆರಳು ನೆಕ್ಕುತ್ತಿದ್ದಳು. ಆ ಕಡೆಯ ಬಾವಿ ಅಂದು ಉಕ್ಕಿತ್ತು. ಪ್ರಶ್ನೆಗಳು ನಮಗೂ ಕೇಳಿಸುತ್ತಿದ್ದವು.

"ಇಲ್ಲಪ್ಪ, ಡಬ್ಬಿ ತೆಗ್ದೇ ಇಲ್ಲ. ಹೂಂ, ಉಸಿರು ಸರಿಯಾಗಿದೆ. ಅಪ್ಪಾ, ನಾಳೆ ಬರ್ಬೇಡ, ನಾಡಿದ್ದು ಬಾ... ಯಾಕೆ ಅಂದ್ರೆ? ನಾನಿಲ್ದಿದ್ರೆ ಇವ್ರಿಗೆ ಉಪ್ಪು ಹಾಕೋಕೂ ಗೊತ್ತಾಗಲ್ಲ." ಆಮೇಲೆ ನಮಗೆ ಕೇಳಿಸಬಾರದೆಂದು ಜೋರಾಗಿ ಪಿಸುಗುಟ್ಟಿದಳು: "ನೋಡ್ತೀನಿ ಅಂದಿದ್ನಲ್ಲ? ನೋಡಿ ಆಯ್ತು. ಹೂಂ ಅನ್ನು."

ಅಕ್ಕ ನಲ್ಲಿ ಪೂರ್ತಿ ತಿರುಗಿಸಿ, ಆಗಲೇ ತೊಳೆದಿದ್ದ ಪಾತ್ರೆಯನ್ನು ಮತ್ತೆ ತೊಳೆಯತೊಡಗಿದಳು. ಭುಜ ಅಲುಗುತ್ತಿತ್ತು. ಅಮ್ಮ ಖಾಲಿ ಉಪ್ಪಿನ ಡಬ್ಬಿಗೆ ಹೊಸ ಪೊಟ್ಟಣ ಸುರಿದು, ಅದನ್ನು ಕಟ್ಟೆಯ ಮೇಲೆ ಒಂದು ಗೇಣು ಮುಂದಕ್ಕೆ, ಸಣ್ಣ ಕೈಗೆ ಎಟುಕುವಲ್ಲಿ ಇಟ್ಟಳು.

"ಕೇಳಿಸ್ಕೊಳ್ಳಿ ಎಲ್ರೂ" ಎಂದಳು. "ಇನ್ಮೇಲೆ ನಿಮ್ಮ ನಿಮ್ಮ ಚಿಟಿಕೆ ಸ್ವಲ್ಪ ಸಣ್ಣದು ಮಾಡ್ಕೊಳ್ಳಿ. ಒಂದು ಕೈ ಜಾಸ್ತಿ ಆಗಿದೆ."