ಕಳೆದುಹೋದ ಹನ್ನೊಂದು ಸೆಕೆಂಡು

ಮಗಳು ಬೀರುವಿನ ಮೂರನೇ ಡ್ರಾಯರನ್ನೂ ಎಳೆದು ಮಂಚದ ಮೇಲೆ ಬೋರಲು ಹಾಕಿದಳು. ಮಾತ್ರೆ ಚೀಟಿ, ಗುಂಡಿ ಡಬ್ಬಿ, ಸವೆದ ಕತ್ತರಿ ನಾಲ್ಕು. ಅಮ್ಮನ ಹೆಣದ ತಲೆಯ ಬಳಿ ಇಡಲು ಫೋಟೋ ಮಾತ್ರ ಇಲ್ಲ. ಹತ್ತು ವರ್ಷ ಸಿನಿಮಾದ ನೆಗೆಟಿವ್ ಕತ್ತರಿಸಿ ಜೋಡಿಸಿದ ಹೆಂಗಸಿನದು ಒಂದು ನೆಟ್ಟಗಿನ ಫೋಟೋ ಇಲ್ಲ ಅಂದರೆ ಯಾರು ನಂಬುತ್ತಾರೆ!

"ಸಿಕ್ತೇನಮ್ಮಾ?" ಸೋದರಮಾವ ಬಾಗಿಲಲ್ಲಿ ಇಣುಕಿದ. "ಸ್ಮಶಾನದ ವ್ಯಾನಿನವನು ಗಡಿಬಿಡಿ ಮಾಡ್ತಿದ್ದಾನೆ. ಡೈರೆಕ್ಟರ್ ಬೇರೆ ಬಂದಿದ್ದಾರೆ, ಎರಡು ಮಾತಾಡ್ತಾರಂತೆ."

"ಏನು ಮಾತು ಮಾವ? ಶಾಟ್ ಕಳೆದ ಕತೆ ತಾನೆ?"

ಮಾವ ಕತ್ತು ತುರಿಸಿಕೊಂಡ. "ಅಕ್ಕ ಕಳೆದದ್ದು ಸುಳ್ಳಲ್ವಲ್ಲ."

ಮಗಳಿಗೆ ಮೈಯೆಲ್ಲ ಉರಿಯಿತು. ಡೈರೆಕ್ಟರರ ಮೂರನೇ ಚಿತ್ರದಲ್ಲಿ ಕೊಲೆಗಾರನ ಮುಖ ತೋರಿಸುವ ಹನ್ನೊಂದು ಸೆಕೆಂಡಿನ ಶಾಟನ್ನು ಅಮ್ಮ ಕಳೆದುಹಾಕಿದಳು, ಹಾಗಾಗಿ ಮುಖವಿಲ್ಲದೆಯೇ ಚಿತ್ರ ತೆರೆಕಂಡಿತು, ಜನ ಹೆದರಿ ಹುಚ್ಚೆದ್ದು ನೋಡಿದರು. ನಲವತ್ತು ವರ್ಷದಿಂದ ಆ ಮನುಷ್ಯ ಸಂದರ್ಶನಗಳಲ್ಲೆಲ್ಲ ಇದನ್ನೇ ನಗುನಗುತ್ತಾ ಹೇಳಿದ್ದಾರೆ. ಅಮ್ಮನಿಗೆ ಮತ್ತೆ ಯಾರೂ ನೆಗೆಟಿವ್ ಕೊಡಲಿಲ್ಲ. ಇಪ್ಪತ್ತೆಂಟು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ನೋಟ್‌ಬುಕ್ಕುಗಳಿಗೆ ಗೋಂದು ಹಚ್ಚಿದಳು. ಟೀವಿಯಲ್ಲಿ ಆ ಕತೆ ಬಂದಾಗಲೆಲ್ಲ ಎದ್ದು ಹೋಗಿ ಅಡುಗೆಮನೆ ನಲ್ಲಿ ತಿರುಗಿಸುತ್ತಿದ್ದಳು. ಇವತ್ತೊಂದು ದಿನವಾದರೂ ಆ ಕತೆ ಬೇಡ, ಅಷ್ಟೇ ಮಗಳಿಗೆ ಬೇಕಾಗಿದ್ದದ್ದು.

ಕಿಟಕಿಯಾಚೆ ಅಂಗಳದಲ್ಲಿ ಹಳೇ ಸಿನಿಮಾದವರ ಪಿಸುಮಾತು ಜೋರಾಗುತ್ತಿತ್ತು.

"ಇವರ ಮೊದಲನೇ ಸಿನಿಮಾದಲ್ಲಿ ಕೊಲೆಗಾರ ಹತ್ತು ನಿಮಿಷ ಭಾಷಣ ಬಿಗೀತಾನೆ ಕಣ್ರೀ, ಪೊಲೀಸರಿಗೇ ಆಕಳಿಕೆ ಬರಬೇಕು."

"ಎರಡನೇದರ ಲಿಫ್ಟ್ ಸೀನ್? ನಾನು ಹೆದರಿ ಒಂದು ತಿಂಗಳು ಮೆಟ್ಟಿಲೇ ಹತ್ತಿದ್ದೀನಿ."

"ಸೀನ್ ಚೆನ್ನಾಗಿದೆ, ಆದ್ರೆ ಆ ಹುಡುಗಿ ಲಿಫ್ಟಿಗೆ ಯಾಕೆ ಹೋದ್ಲು? ಕತೇಲಿ ಬರೀ ತೂತು."

"ಮೂರನೇದು ಬಿಡಿ, ತೂತೇ ಇಲ್ಲ. ಮುಖ ತೋರಿಸ್ದೇ ಇರೋಕೆ ಎದೆಗಾರಿಕೆ ಬೇಕು."

"ಎದೆಗಾರಿಕೆ ಎಲ್ಲಿಂದ! ಈಯಮ್ಮನ ಬೇಜವಾಬ್ದಾರಿ."

ಸಣ್ಣಗೆ ನಕ್ಕರು, ಸಾವಿನ ಮನೆಯಲ್ಲಿ.

ಕಿಟಕಿ ಮುಚ್ಚಲು ಎದ್ದವಳ ಕಾಲಿಗೆ ಏನೋ ತಗುಲಿತು. ಡ್ರಾಯರಿನಿಂದ ಉರುಳಿದ್ದ ತಗಡಿನ ಡಬ್ಬಿ. ಮೇಲೆ ಅಮ್ಮನ ದುಂಡು ಅಕ್ಷರ: ಮುಖದ ಶಾಟ್. ಕನ್ನಡಿ ನೋಡಿ.

*

ಮೂರನೇ ಚಿತ್ರದ ಬಿಡುಗಡೆಗೆ ಐದು ದಿನವಿತ್ತು. ಬಿಳಿ ಕೈಗವಸು ತೊಟ್ಟ ಆಕೆ ಬೆಳಕಿನ ಮೇಜಿನ ಮುಂದೆ ನಿಂತಿದ್ದಳು. ಡೈರೆಕ್ಟರಿಗೆ ಆಗ ಮೂವತ್ತು, ಮೂಗಿನ ತುದಿಯಲ್ಲೇ ಕೋಪ.

"ಸರ್, ಮುಖದ ಶಾಟ್ ನೆಗೆಟಿವ್ ಕಳೆದುಹೋಗಿದೆ."

"ಕಳೆದುಹೋಗೋಕೆ ಅದೇನು ಕರ್ಚೀಫಾ?"

"ಹುಡುಕಿದೆ ಸರ್. ಇಲ್ಲ."

"ಇಡೀ ಸಿನಿಮಾ ನಿಂತಿರೋದು ಅದರ ಮೇಲೆ! ನಟ ಊರಲ್ಲಿಲ್ಲ, ಸೆಟ್ ಒಡೆದಾಗಿದೆ!"

"ಅದಿಲ್ದೆ ಜೋಡಿಸಿ ನೋಡಿದೀನಿ ಸರ್. ಭಯ ಜಾಸ್ತಿಯಾಗುತ್ತೆ."

ಅವರು ಕೈಗೆ ಸಿಕ್ಕ ರೀಲ್ ಎತ್ತಿಕೊಂಡರು. ಆಕೆ ಹಿಂದೆ ಸರಿಯಲಿಲ್ಲ. "ಅಂಚು ಹಿಡೀರಿ ಸರ್," ಅಂದಳು, "ಮಧ್ಯ ಮುಟ್ಟಬೇಡಿ."

ಮಾರನೇ ದಿನ ಅವಳ ಮೇಜಿನ ಮುಂದೆ ಬೇರೊಬ್ಬರಿದ್ದರು.

*

"ಸರ್, ಒಂದ್ನಿಮಿಷ ಒಳಗೆ ಬನ್ನಿ."

ಮಗಳು ಕಿಟಕಿಯಿಂದ ಕರೆದಾಗ ಡೈರೆಕ್ಟರ್ ಕೋಲೂರಿಕೊಂಡು ಬಂದರು. ಮಗಳು ಡಬ್ಬಿಯಲ್ಲಿದ್ದ ಫಿಲ್ಮ್ ಸುರುಳಿಯ ತುದಿ ಬಿಚ್ಚಿ ಕಿಟಕಿಗೆ ಹಿಡಿದಳು.

ಕೊಲೆಗಾರನ ಮುಖ. ಅವನ ಹಿಂದೆ ಗೋಡೆಗನ್ನಡಿ. ಕನ್ನಡಿಯೊಳಗೆ ಕ್ಯಾಮೆರಾ ಪಕ್ಕ ಬಾಯಿ ತೆರೆದು ಕುಕ್ಕರಗಾಲಲ್ಲಿ ಕೂತ ತೆಳ್ಳಗಿನ ಒಬ್ಬಾತ. ನೆಗೆಟಿವಿನಲ್ಲಿ ಕಪ್ಪು ಕೂದಲು ಬೆಳ್ಳಗೆ ಕಾಣುತ್ತದೆ. ಮೂವತ್ತರ ಡೈರೆಕ್ಟರಿಗೆ ಇವತ್ತಿನ ನರೆತ ತಲೆಯೇ ಇತ್ತು.

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಎಡಿಟಿಂಗ್ ಮೇಜಿನ ಪರದೆ ಅಂಗೈಯಗಲ ಇತ್ತಮ್ಮ. ನನಗೆ ಕಾಣಲಿಲ್ಲ."

"ಅಮ್ಮ ಹೇಳಬಹುದಿತ್ತು."

"ಹೇಳಿದ್ರೆ ನಾನು ಕೇಳ್ತಿರಲಿಲ್ಲ. ಯಾರು ನೋಡ್ತಾರೆ, ಹಾಕು ಅಂತಿದ್ದೆ. ಕನ್ನಡೀಲಿ ನನ್ನ ನೋಡಿ ಜನ ಥಿಯೇಟರಲ್ಲಿ ಬಿದ್ದುಬಿದ್ದು ನಗೋರು." "ಆಮೇಲಾದ್ರೂ ಆಕೆ ಒಂದು ಮಾತು ಹೇಳಬಹುದಿತ್ತು," ಅನ್ನುತ್ತಾ ಸುರುಳಿಗೆ ಕೈ ಚಾಚಿದರು.

ಹೊರಗೆ ವ್ಯಾನಿನ ಹಾರ್ನ್ ಕೂಗಿತು.

ಅಂಗಳದಲ್ಲಿ ಮಲಗಿಸಿದ್ದ ಅಮ್ಮನ ಪಕ್ಕ ಡೈರೆಕ್ಟರ್ ನಿಂತಾಗ ಎಲ್ಲರೂ ಅವರ ಬಾಯನ್ನೇ ನೋಡಿದರು. ಮಾವನೇ ಮಾತು ಎತ್ತಿಕೊಟ್ಟ: "ಸರ್, ಆ ಶಾಟ್ ಕಳೆದದ್ದು..."

"ಕಳೆದಿರಲಿಲ್ಲ," ಅಂದರು ಡೈರೆಕ್ಟರ್. ಸುರುಳಿಯನ್ನು ಮಾವನ ಕೈಗೆ ಕೊಟ್ಟರು. "ಕನ್ನಡಿ ನೋಡಿ. ಇಷ್ಟು ವರ್ಷ ನಾನು ಸುಳ್ಳು ಹೇಳಿಕೊಂಡು ನಗ್ತಾ ಇದ್ದೆ."

ಮಾವ ಅದನ್ನು ಬಿಸಿಲಿಗೆ ಎತ್ತಿದ. ತುಂಬ ಹೊತ್ತು ನೋಡಿದ. "ಅಕ್ಕಾ" ಎಂದ. ಪಕ್ಕದವರು ಕೈ ಚಾಚಿದರು.

"ಅಂಚು ಹಿಡೀರಿ," ಎಂದಳು ಮಗಳು.

ಅಮ್ಮನ ಮೇಲಿಂದ ಫಿಲ್ಮು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಎರಡೇ ಬೆರಳಲ್ಲಿ ಅಂಚು ಹಿಡಿದು, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಮುಖವೆತ್ತಿ ನಿಂತಿದ್ದರು. ವ್ಯಾನಿನವನೂ ಹಾರ್ನ್ ಬಿಟ್ಟು ಇಳಿದು ಬಂದು, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾ ತನ್ನ ಸರದಿಗೆ ಕಾಯುತ್ತಿದ್ದ.