ಅಳಿಸುವ ಕಲ್ಲು

ಮಾಲಿಂಗಪ್ಪ ಮಾಸ್ತರರ ಎದುರು ಕುಳಿತು ಯಾರೇ ಮಾತಾಡಲಿ, ಆ ಮಾತು ಮುಗಿಯುವುದರೊಳಗೆ ಅವರ ತೊಡೆಯ ಮೇಲೆ ಅಚ್ಚಾಗಿಬಿಟ್ಟಿರುತ್ತಿತ್ತು. ಎರಡೂ ಅಂಗೈಗಳನ್ನು ಬೋರಲಾಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಎತ್ತಿ ಇಳಿಸುತ್ತ, ಕೇಳಿದ್ದನ್ನೆಲ್ಲ ಕಾಣದ ಟೈಪ್‌ರೈಟರೊಂದರ ಮೇಲೆ ಬಡಿಯುತ್ತ ಹೋಗುವುದು ಅವರ ಅಭ್ಯಾಸ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿಕೊಳ್ಳುವ ಅವರ ವೇಗಕ್ಕೆ ಪಂಚಾಯಿತಿ ಸದಸ್ಯರ ಬಡಾಯಿಯೂ ಸಿಗುತ್ತಿತ್ತು, ಸಂತೆಯ ಬದನೆಕಾಯಿಯ ಧಾರಣೆಯೂ ಸಿಗುತ್ತಿತ್ತು. ಸಾವಿನ ಮನೆಯಲ್ಲಿ ಕುಳಿತಾಗ ಅಳುವವರ ಹಾಡನ್ನೂ ಅವರು ಬಿಡುತ್ತಿರಲಿಲ್ಲವಾಗಿ, ಹೆಂಡತಿ ಹಣಮವ್ವ ಸೆರಗಿನ ಮರೆಯಲ್ಲಿ ಅವರ ಕೈ ಹಿಡಿದು ನಿಲ್ಲಿಸಬೇಕಾಗುತ್ತಿತ್ತು.

ಈ ಚಟ ಗೋಕಾಕದಲ್ಲಿ ಹತ್ತಿದ್ದು. ಟೈಪಿಂಗ್ ಕಲಿತವನಿಗೆ ನೌಕರಿ ಕಟ್ಟಿಟ್ಟದ್ದು ಎಂದು ಹಿರಿಯರೆಲ್ಲ ನಂಬಿದ್ದ ಕಾಲದಲ್ಲಿ, ಅಪ್ಪ ಅವರನ್ನು ಬಸ್‌ಸ್ಟ್ಯಾಂಡಿನ ಹಿಂದಿನ ಟೈಪಿಂಗ್ ಕ್ಲಾಸಿಗೆ ಸೇರಿಸಿದ್ದ. ಅಲ್ಲಿಯ ಗುರುಗಳದ್ದು ಒಂದೇ ಕಟ್ಟಳೆ: ಒಂದಕ್ಷರ ತಪ್ಪಿದರೆ ಹಾಳೆ ಹರಿದು ಮೊದಲಿನಿಂದ. ಅಳಿಸುವುದೆಂಬ ಮಾತೇ ಇಲ್ಲ. ಎ, ಎಸ್, ಡಿ, ಎಫ್ ಎಂದು ಜಪ ಮಾಡಿ ಮಾಡಿ ಮಾಲಿಂಗಪ್ಪ ಸೀನಿಯರ್ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಪಾಸಾದರು. ಪಾಸಾಗಿ ಹೊರಬರುವ ಹೊತ್ತಿಗೆ ಕಚೇರಿಗಳು ಟೈಪ್‌ರೈಟರುಗಳನ್ನು ಗುಜರಿಗೆ ಹಾಕತೊಡಗಿದ್ದವು. ಯಾವ ಭವಿಷ್ಯಕ್ಕಾಗಿ ಬೆರಳು ತಿದ್ದಿಸಿಕೊಂಡಿದ್ದರೋ ಅದು ಅವರನ್ನು ಕೇಳದೆಯೇ ಬೇರೆ ಕಡೆ ಹೊರಟುಹೋಗಿತ್ತು. ಆಮೇಲೆ ಶಿಕ್ಷಕರ ತರಬೇತಿ ಮುಗಿಸಿ ಅವರು ಮಾಸ್ತರರಾದರು.

ಮೂಡಲಗಿ ಸೀಮೆಯಲ್ಲಿ ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡವರ ಮಕ್ಕಳಿಗಾಗಿ ಅಲ್ಲಲ್ಲಿ ತೋಟದ ಶಾಲೆಗಳಿವೆ. ಕಬ್ಬಿನ ನಡುವೆ ಹುದುಗಿದ್ದ ಅಂಥ ಒಂದು ಶಾಲೆಯಲ್ಲಿ, ಹೊಳೆದಂಡೆ ತೋಟದಲ್ಲಿ, ಮಾಲಿಂಗಪ್ಪ ಮಾಸ್ತರರು ತಮ್ಮ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದರು. ಕಂಪ್ಯೂಟರೆಂಬುದು ಅಲ್ಲಿಗೂ ಬಂತು. ಮುಖ್ಯಾಧ್ಯಾಪಕರು ಅದಕ್ಕೆ ಮಾಲೆ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದು ಭಕ್ತಿಯಿಂದ ಬರಮಾಡಿಕೊಂಡರು. ಮುಟ್ಟಲು ಮಾತ್ರ ಯಾರನ್ನೂ ಬಿಡಲಿಲ್ಲ. ಒಂದು ಮಳೆಗಾಲದಲ್ಲಿ ಕರೆಂಟು ಜೋರಾಗಿ ನುಗ್ಗಿ ಅದು ಸುಟ್ಟ ವಾಸನೆ ಬೀರಿ ಸುಮ್ಮನಾಯಿತು. ಅಂದಿನಿಂದ ಬಿಳಿಯ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತ ಅದಕ್ಕೆ ಪ್ರತಿ ವರ್ಷ ನವರಾತ್ರಿಯ ಖಂಡೇಪೂಜೆಯಲ್ಲಿ, ಆಯುಧಗಳ ಸಾಲಿನಲ್ಲಿ, ಒಂದು ಹೂವು ಸಲ್ಲುತ್ತಿತ್ತು.

ಮುಂದಿನ ಕಾಲ ರಿಪೇರಿಯವನಿಗಾಗಿ ಕಾಯುವುದಿಲ್ಲವೆಂದು ಮಾಸ್ತರರು ಒಂದು ಭಾನುವಾರ ಸುಣ್ಣದ ಡಬ್ಬಿ ಹಿಡಿದು ಅಂಗಳಕ್ಕಿಳಿದರು. ಅಲ್ಲಿ ಹಾಸಿದ್ದ ಚಪ್ಪಡಿಗಳ ಮೇಲೆ, ಕಲ್ಲಿಗೊಂದರಂತೆ, ಕೀಲಿಮಣೆಯ ಅಕ್ಷರಗಳನ್ನು ಅವುಗಳ ಕ್ರಮದಲ್ಲೇ ಬರೆದರು, ಪದಗಳ ನಡುವಿನ ಜಾಗಕ್ಕೂ ಹೊಸ ಸಾಲಿಗೂ ಒಂದೊಂದು ಕಲ್ಲು ಕೊಟ್ಟರು. ಮರುದಿನದಿಂದ ಮಕ್ಕಳು ಕುಂಟಾಬಿಲ್ಲೆ ಬಿಟ್ಟು ಟೈಪಿಂಗ್ ಕುಣಿಯತೊಡಗಿದರು. ಮಾಸ್ತರರು ಒಂದು ಪದ ಕೂಗಿದರೆ ಸಾಕು, ಹುಡುಗರು ಕಲ್ಲಿಂದ ಕಲ್ಲಿಗೆ ಜಿಗಿದು ಅದನ್ನು ಪೂರೈಸಬೇಕು. ಎಡಗೈಗೆ ಸೇರಿದ ಅಕ್ಷರಕ್ಕೆ ಎಡಗಾಲೇ ಬೀಳಬೇಕು, ಬಲಗೈಯದಕ್ಕೆ ಬಲಗಾಲು. ತಪ್ಪಿದರೆ ಮೊದಲ ಕಲ್ಲಿಗೆ ಹಿಂತಿರುಗಿ ಮತ್ತೆ ಆರಂಭ. ಸುಣ್ಣದ ಕಲೆಯಾದ ಬೂದುಬಣ್ಣದ ಕೋಟಿನ ತೋಳುಗಳನ್ನು ಮೇಲಕ್ಕೆ ಸರಿಸುತ್ತ, ಎರಡೂ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತ ಅವರು ನಿಂತಿರುತ್ತಿದ್ದ ಭಂಗಿಯನ್ನು ಕಂಡ ದಾರಿಹೋಕರು ಮಾಸ್ತರರಿಗೆ ತಲೆ ಕೆಟ್ಟಿದೆಯೆಂದುಕೊಂಡು ಹೋಗುತ್ತಿದ್ದರು.

ಕಂಪ್ಯೂಟರಿನಲ್ಲಿ ತಪ್ಪು ಅಳಿಸುವ ಗುಂಡಿಯೊಂದಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಬೇಕೆಂದೇ ಅದಕ್ಕೊಂದು ಕಲ್ಲು ಕೊಟ್ಟಿರಲಿಲ್ಲ. ಕೇಳಿದವರಿಗೆ, "ಅಳಸೂ ಗುಂಡಿ ಕಂಡ್ರ ಬೆರಳು ಮೈಗಳ್ಳ ಆಗ್ತಾವ್ರಿ. ತಪ್ಪಿದ್ರ ಮೊದಲಿಂದ. ವಿದ್ಯಾ ಅಂದ್ರ ಹಂಗ" ಎನ್ನುತ್ತಿದ್ದರು.

ಆ ಅಂಗಳದಲ್ಲಿ ಸುಮನ್‌ಳಂತೆ ಜಿಗಿಯುವವರು ಇನ್ನೊಬ್ಬರಿರಲಿಲ್ಲ. ಕಬ್ಬು ಕಡಿಯುವ ಉದ್ದವ್ವನ ಮಗಳು, ಏಳನೆಯ ತರಗತಿ, ಕಣ್ಣು ಮುಚ್ಚಿಕೊಂಡೇ ಕಲ್ಲುಗಳ ಮೇಲೆ ಉದ್ದುದ್ದ ವಾಕ್ಯಗಳನ್ನು ನಡೆದುಬಿಡುತ್ತಿದ್ದಳು. ಗೋಕಾಕದ ವಸತಿ ಶಾಲೆಯೊಂದರಲ್ಲಿ ಹಳ್ಳಿಯ ಮಕ್ಕಳಿಗೆ ಕಂಪ್ಯೂಟರ್ ವಿದ್ಯೆ ಹೇಳಿಕೊಡುತ್ತಾರೆ, ಊಟ ವಸತಿ ಪುಕ್ಕಟೆ, ಆದರೆ ಪರೀಕ್ಷೆ ಕೊಡಬೇಕು ಎಂದು ತಿಳಿದಾಗ ಮಾಸ್ತರರು ಉದ್ದವ್ವನ ಗುಡಿಸಲಿನ ತನಕ ಹೋದರು.

"ಸೀಟ್ ಸಿಕ್ರ ಓದ್ಲಿ, ಮಾಸ್ತರ್ರ," ಎಂದಳು ಉದ್ದವ್ವ. "ಸಿಗಲಿಲ್ಲಂದ್ರ ಯಮಕನಮರಡಿಗೆ ನಮ್ಮಣ್ಣನ ಖಾನಾವಳಿಗೆ ಕಳಸ್ತೀನಿ. ಬೆಳದ ಹುಡುಗಿನ್ನ ಈ ಕಬ್ಬಿನ್ಯಾಗ ಒಬ್ಬಾಕಿನ್ನ ಬಿಟ್ಟು ನಾ ಹ್ಯಾಂಗ ಕೂಲಿಗೆ ಹೋಗ್ಲಿ?"

ಮಾಸ್ತರರ ಬೆರಳುಗಳು ಆ ಮಾತನ್ನು ತೊಡೆಯ ಮೇಲೆ ಬಡಿದುಕೊಂಡವು. ಸೀಟು ಸಿಕ್ಕಂತೆಯೇ ತಿಳಿಯಿರಿ ಎಂದು ಅವರು ಎದ್ದು ಬಂದರು. ಅವಳ ಓದು ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು, ಇನ್ನೊಂದು ದಾರಿ ಇರಲಿಲ್ಲ. ಹಣಮವ್ವ ಮಾತ್ರ ರೊಟ್ಟಿ ಬಡಿಯುತ್ತ, ಘಟಪ್ರಭಾದಲ್ಲಿ ಕಂಪ್ಯೂಟರ್ ಅಂಗಡಿ ಇದೆಯಲ್ಲ, ಒಮ್ಮೆ ಕರೆದೊಯ್ದು ಖರೇ ಮಿಶನ್ನಿನ ಮೇಲೆ ಅವಳ ಕೈ ಇಡಿಸಿರಿ ಎಂದು ಹೇಳಿ ನೋಡಿದಳು. ಮಾಸ್ತರರು ನಕ್ಕರು. ಕಾಲಿಗೆ ಬಂದದ್ದು ಕೈಗೆ ಬಾರದೆ ಎಲ್ಲಿ ಹೋದೀತು ಎಂಬುದು ಅವರ ವಿಶ್ವಾಸ. ಮೇಲಾಗಿ ಆ ಅಂಗಡಿಯ ಹುಡುಗರು ಎರಡೇ ಬೆರಳಲ್ಲಿ ಕುಟ್ಟುವುದನ್ನು ನೋಡಿ ಮಗು ಕೆಟ್ಟ ರೂಢಿ ಕಲಿತೀತೆಂಬ ಅಂಜಿಕೆ ಬೇರೆ.

ಪರೀಕ್ಷೆಯ ದಿನ ಕಿಟಕಿಯ ಹೊರಗೆ ನಿಲ್ಲಲು ಅಲ್ಲಿಯವರು ಬಿಟ್ಟರು. ಸುಮನ್ ಬೆನ್ನು ಕಾಣುವಂತೆ ಕುಳಿತಿದ್ದಳು, ಅವಳ ಹೆಗಲ ಆಚೆಗೆ ಬೆಳಗುವ ಪರದೆ. ನಿಮ್ಮ ಊರಿಗೆ ಬೇಕಾದ ಒಂದು ಯಂತ್ರ ಯಾವುದು, ಯಾಕೆ ಎಂಬುದು ಪ್ರಶ್ನೆ. ಉತ್ತರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವಾಗಿ ಬಡಿದರೂ ನಡೆಯುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ಮೇಜಿನ ಕೆಳಗೆ ಅವಳ ಬರಿಗಾಲು ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿ ಅಕ್ಷರವನ್ನು ಹುಡುಕಿಕೊಂಡಿತು, ಆಮೇಲೆ ಬೆರಳು ಹೋಯಿತು. ಗುಂಡಿಗಳು ಒತ್ತೊತ್ತಾಗಿದ್ದವು. ಬೆರಳು ಒಂದನ್ನು ಒತ್ತಿದರೆ ಬಾಜೂಕಿನದೂ ಬೀಳುತ್ತಿತ್ತು. ಬಿದ್ದ ಕೂಡಲೇ ಹುಡುಗಿ ತಡವರಿಸಿ, ಕಲಿತ ನೇಮದಂತೆ ಹೊಸ ಸಾಲಿಗೆ ಬಂದು, ಮೊದಲಿನಿಂದ ಆರಂಭಿಸುತ್ತಿದ್ದಳು.

ಕಿಟಕಿಯಿಂದ ಮಾಸ್ತರರು ಓದಿದರು. ನಮ್ಮವ್ವ ಕಬ್ಬು. ನಮ್ಮವ್ವ. ನಮ್ಮವ್ವ ಕಬ್ಬು ಕಡಿ. ನಮ್ಮವ್ವ ಕ. ಪರದೆಯ ತುದಿಯಿಂದ ತುದಿಗೆ ಇಂಥವೇ ಸಾಲುಗಳು. ಅವರ ಕೈಗಳು ಕಿಟಕಿಯ ಸರಳಿನ ಮೇಲೆ ಆಡತೊಡಗಿದವು, ಅವಳ ಬದಲಿಗೆ ತಾವೇ ಬಡಿದುಬಿಡುವಂತೆ. ಕೂಗಿ ಹೇಳಬೇಕೆನ್ನಿಸಿತು, ಹೇಳುವಂತಿರಲಿಲ್ಲ. ಗಂಟೆ ಹೊಡೆಯಿತು.

ಮೂಡಲಗಿ ಬಸ್ಸಿನಲ್ಲಿ ಅವಳು ಅಳಲಿಲ್ಲ. ಯಾವ ಯಂತ್ರ ಬರೆಯಬೇಕೆಂದಿದ್ದೆ ಎಂದು ಮಾಸ್ತರರು ಕೇಳಿದಾಗ, ಕಬ್ಬು ಕಡಿಯುವ ಮೊದಲೇ ಒಳಗೆ ಹಾವಿದೆಯೋ ಇಲ್ಲವೋ ಹೇಳುವ ಮಿಶನ್ನು ಎಂದು ಸರಾಗವಾಗಿ ವಿವರಿಸಿದಳು. ನೆಲದ ಅದುರು ಹಿಡಿದು ಅದು ಹೇಗೆ ತಿಳಿಯುತ್ತದೆ, ಅವ್ವ ಅದನ್ನು ಎಲ್ಲಿ ಕಟ್ಟಿಕೊಳ್ಳಬೇಕು, ಎಲ್ಲವನ್ನೂ. ಕೇಳುತ್ತ ಕೇಳುತ್ತ ಅವರಿಗೆ ಬಸ್ಸಿನಿಂದ ಇಳಿದು ಎಲ್ಲಿಗಾದರೂ ಓಡಿಹೋಗಬೇಕೆನ್ನಿಸಿತು. ಬಸ್ಸು ಘಟಪ್ರಭಾ ದಾಟಿದ ಮೇಲೆ ಅವಳೇ ಕೇಳಿದಳು:

"ಸರ್, ಬಾಜೂಕಿನ ಹುಡುಗಿ ಅಳಿಸಿ ಅಳಿಸಿ ಬರ್ಯಾಕತ್ತಿದ್ಲರಿ. ನಮ್ಮ ಸಾಲ್ಯಾಗ ಅಳಸೂ ಕಲ್ಲ ಯಾಕಿಲ್ಲರಿ?"

ಕಿಟಕಿಯ ಹೊರಗೆ ಕಬ್ಬು ಓಡುತ್ತಿತ್ತು, ಮಾಸ್ತರರು ಅದನ್ನೇ ನೋಡುತ್ತ ಕುಳಿತರು.

ಸೀಟು ಸಿಗಲಿಲ್ಲ. ಮಾಸ್ತರರು ಮತ್ತೆ ಉದ್ದವ್ವನ ಗುಡಿಸಲಿಗೆ ಹೋದರು, ಇನ್ನೊಂದು ವರ್ಷ ತಡೆಯಿರೆಂದು ಬೇಡಿಕೊಂಡರು, ತಪ್ಪು ನನ್ನದು ಎಂದರು. ಉದ್ದವ್ವ ಅವರನ್ನು ಬೈಯಲಿಲ್ಲ. ನಿಮ್ಮಷ್ಟು ಯಾರು ಮಾಡ್ಯಾರ್ರಿ ಎಂದು ಚಹಾ ಕೊಟ್ಟಳು. ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರೇನೋ. ಶಾಲೆ ತೆರೆಯುವ ಮೊದಲೇ ಸುಮನ್ ಅರಿವೆಯ ಗಂಟು ಹಿಡಿದು ಮಾವನ ಜೊತೆ ಯಮಕನಮರಡಿಗೆ ಹೋದಳು.

ಆ ವರ್ಷ ಮಾಸ್ತರರು ಅಂಗಳದ ಬಲತುದಿಯಲ್ಲಿ ಖಾಲಿ ಉಳಿದಿದ್ದ ಚಪ್ಪಡಿಯ ಮೇಲೆ ಅಳಿಸುವ ಗುಂಡಿಯ ಗುರುತಾದ, ಎಡಕ್ಕೆ ಮುಖ ಮಾಡಿದ ಬಾಣವೊಂದನ್ನು ಬರೆದರು. ಭಾನುವಾರಕ್ಕೆ ನಾಲ್ಕೈದು ಮಕ್ಕಳಂತೆ ಘಟಪ್ರಭಾದ ಅಂಗಡಿಗೆ ಕರೆದೊಯ್ದು ಖರೇ ಗುಂಡಿಗಳ ಮೇಲೆ ಅವರ ಕೈ ಇಡಿಸತೊಡಗಿದರು. ಎರಡು ಬೆರಳಲ್ಲಿ ಕುಟ್ಟುವ ಹುಡುಗರನ್ನು ಕಂಡು ಮೂಗು ಮುರಿಯುವುದನ್ನೂ ಬಿಟ್ಟರು. ಮುಂದಿನ ವರ್ಷಗಳಲ್ಲಿ ಆ ತೋಟದಿಂದ ಮೂವರಿಗೆ ಗೋಕಾಕದ ಸೀಟು ಸಿಕ್ಕಿತು. ಊರವರು ಮಾಸ್ತರರಿಗೆ ಶಾಲು ಹೊದಿಸಿದರು. ಶಾಲು ಹೊದ್ದು ಕುಳಿತಾಗಲೂ ಅವರ ಕಣ್ಣು ಆ ಬಾಣದ ಕಲ್ಲಿನ ಮೇಲೇ ಇತ್ತು ಎಂದು ಹಣಮವ್ವ ಹೇಳುತ್ತಾಳೆ.

ನಿವೃತ್ತರಾದ ಮೇಲೆ ಹುಕ್ಕೇರಿಯ ಬೀಗರ ಮನೆಗೆ ಹೋದವರು, ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬಸ್ಸು ಹತ್ತಿ ಯಮಕನಮರಡಿಯಲ್ಲಿ ಇಳಿದರು. ಹೆದ್ದಾರಿಯ ಪಕ್ಕದ ಖಾನಾವಳಿಯಲ್ಲಿ ಸುಮನ್ ಲಾರಿಯವರ ಊಟದ ಪಾಳಿ ನೋಡಿಕೊಳ್ಳುತ್ತಿದ್ದಳು. ದೊಡ್ಡವಳಾಗಿದ್ದಳು. ಗುರುತು ಹಿಡಿದು, ಕಾಲು ಮುಟ್ಟಿ, ಬಿಸಿ ರೊಟ್ಟಿ ತಂದಿಟ್ಟಳು. ಅವಳ ಕೈಯಲ್ಲೊಂದು ಮೊಬೈಲು. ಗಿರಾಕಿಗಳು ಕೇಳಿದ್ದನ್ನು ಅವಳು ಅದಕ್ಕೆ ಬಾಯಲ್ಲೇ ಹೇಳುತ್ತಿದ್ದಳು, ಅದು ತಾನೇ ಕನ್ನಡದಲ್ಲಿ ಬರೆದುಕೊಂಡು ಅಡಿಗೆಮನೆಗೆ ಕಳಿಸುತ್ತಿತ್ತು. ಕೀಲಿಮಣೆಯೂ ಇಲ್ಲ, ಎ, ಎಸ್, ಡಿ, ಎಫ್ ಕೂಡ ಇಲ್ಲ. ಅಷ್ಟರಲ್ಲಿ ಒಬ್ಬ ಡ್ರೈವರು ಮೊಟ್ಟೆ ಬೇಡ, ಜುಣಕ ಕೊಡು ಎಂದ. ಸುಮನ್ ಹೆಬ್ಬೆರಳಿನಿಂದ ಆ ಸಾಲನ್ನು ಒರೆಸಿದಳು, ಅದು ಮಾಯವಾಯಿತು. ಮಾಸ್ತರರು ಅವಳ ಹೆಬ್ಬೆರಳನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು.

"ಈಗ ನನಗ ಅಳಸಾಕ ಬರತೈತ್ರಿ, ಸರ್," ಎಂದು ನಕ್ಕಳು.

ಅದರಲ್ಲಿ ಕೊಂಕಿರಲಿಲ್ಲ. ಗುರುವಿಗೆ ಪಾಠ ಒಪ್ಪಿಸುವ ಹುಡುಗಿಯ ಸಂತೋಷವೇ ಇತ್ತು. ಮಾಸ್ತರರು ತಲೆಯಾಡಿಸಿ ರೊಟ್ಟಿ ಮುರಿದರು. ಆಯುಷ್ಯವಿಡೀ ಯಾರ ಮಾತನ್ನೂ ಬಿಡದ ಅವರ ಬೆರಳುಗಳು ಆ ಒಂದು ಮಾತನ್ನು ಮಾತ್ರ ಬಡಿಯಲಿಲ್ಲ.

ಮುಂಬರುವ ಕಾಲಕ್ಕೆ ಮಕ್ಕಳನ್ನು ಸಜ್ಜುಗೊಳಿಸಲು ಹೊರಡುವ ಇಂಥ ಮಾಸ್ತರರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ, ಅವರಿಂದಲೇ ಎಷ್ಟೋ ಮನೆಗಳ ದೀಪ ಹತ್ತಿದೆ. ಕಾಣದ ಕಾಲವನ್ನು ಅವರು ತಮಗೆ ಗೊತ್ತಿರುವ ಕಾಲದ ಅಳತೆಯಲ್ಲೇ ಕಲಿಸಬೇಕು, ಬೇರೆ ಅಳತೆ ಅವರಿಗಾದರೂ ಎಲ್ಲಿಂದ ಬರಬೇಕು? ತಪ್ಪಿದ್ದು ತಿಳಿದ ದಿನವೇ ತಿದ್ದಿಕೊಳ್ಳುವಷ್ಟು ದೊಡ್ಡ ಮನಸ್ಸೂ ಅವರದು, ಆ ತಿದ್ದಿದ ಪಾಠದಿಂದ ಮುಂದೆ ಬಂದ ಮಕ್ಕಳೆಲ್ಲ ದಾಟಿಕೊಳ್ಳುತ್ತಾರೆ. ಯಾವ ಮಗುವಿನ ಮೇಲೆ ಆ ತಪ್ಪನ್ನು ಕಲಿತರೋ, ಆ ಒಂದು ಮಗು ಮಾತ್ರ ಮೊದಲ ಕಲ್ಲಿನಲ್ಲೇ ನಿಂತಿರುತ್ತದೆ.