ಸಲಾಮಪ್ಪನ ಸೊಂಟ

ಗೊಂಬೆ ಮೇಜಿನ ತುದಿಯ ಹತ್ತಿರ ಬಂದು ನಿಂತಿತು. ಗಿಡ್ಡಪ್ಪನ ಹೋಟೆಲಿನಲ್ಲಿ ಸೇರಿದ್ದ ಇಪ್ಪತ್ತು ಜನ ಕೈಯಲ್ಲಿನ ಚಾ ಮರೆತು, ಹೆಜ್ಜೆ ಎಣಿಸದೆ, ಅದು ಬಾಗುವುದನ್ನೇ ಕಾದರು. ಅದು ಬಾಗಲಿಲ್ಲ. ನಿಂತೇ ಇತ್ತು.

"ಕೆಟ್ಟೋತಾ ಏನು?" ಎಂದ ಗಿಡ್ಡಪ್ಪ, ಕೈಯಲ್ಲಿ ಸೋಸುವ ಬಟ್ಟೆ ಹಿಡಿದೇ.

"ಕೆಟ್ಟಿಲ್ಲಣ್ಣ. ಇದು ಹೊಸದು. ಇದು ಸಲಾಮು ಹೊಡಿಯಲ್ಲ" ಎಂದಳು ಓಬವ್ವ.

"ಹೊಡಿಯಲ್ಲ? ಮತ್ತೇನ್ ಮಾಡ್ತೈತೆ?"

"ನಿಂತ್ಕಂತೈತೆ."

ಹೋಟೆಲಿಗೆ ಹೋಟೆಲೇ ಗೊಳ್ಳೆಂದು ನಕ್ಕಿತು. ಹೊರಗೆ, ಮೆಟ್ಟಿಲ ಪಕ್ಕದಲ್ಲಿ ಟವೆಲ್ ಹಾಸಿಕೊಂಡು ಕೂತಿದ್ದ ಅವಳ ಅಪ್ಪ ತಿಪ್ಪೇಶಪ್ಪ ಮಾತ್ರ ನಗಲಿಲ್ಲ. ನಗು ಬಂದ ದಿಕ್ಕಿಗೆ ಮುಖ ತಿರುಗಿಸಿ, ಪೊರೆ ಬಂದ ಕಣ್ಣು ಮಿಟುಕಿಸಿದ. ಗೊಂಬೆ ಆಡಿಸಲು ಮಗಳು ಒಳಗೆ ಹೋಗಿದ್ದಳು, ಅವನು ಮಾತ್ರ ಆ ಮೆಟ್ಟಿಲನ್ನು ಎಂದೂ ಹತ್ತಿದವನಲ್ಲ; ಅವನ ಚಾ ಬೇರೆ ಲೋಟದಲ್ಲಿ ಹೊರಗೇ ಬರುತ್ತಿತ್ತು. ಸಲಾಮು ತೆಗೆದದ್ದನ್ನು ಮಗಳು ಅವನಿಗೂ ಹೇಳಿರಲಿಲ್ಲ.

ಸಲಾಮಪ್ಪ ಎಂದರೆ ಜಗಳೂರಿನ ಸಂತೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಬಿಳಿಚೋಡಿನ ತಿಪ್ಪೇಶಪ್ಪ ವನಸ್ಪತಿ ಡಬ್ಬಿಯ ತಗಡು ಕತ್ತರಿಸಿ, ಹೊಟ್ಟೆಯೊಳಗೆ ಸೈಕಲ್ ಟ್ಯೂಬಿನ ರಬ್ಬರು ಬಿಗಿದು ಮಾಡುತ್ತಿದ್ದ ಗೇಣುದ್ದದ ಆಳು ಅದು. ಬೆನ್ನಿನ ಕೀಲಿ ತಿರುಗಿಸಿ ಬಿಟ್ಟರೆ ಟಕ್ ಟಕ್ ಎಂದು ಏಳು ಹೆಜ್ಜೆ ನಡೆದು, ಗಕ್ಕನೆ ನಿಂತು, ಸೊಂಟ ಬಾಗಿಸಿ ಬಲಗೈಯನ್ನು ಹಣೆಗೆ ಒಯ್ಯುತ್ತಿತ್ತು. ತಲೆಗೆ ಕೆಂಪು ರುಮಾಲು, ಮುಖದ ತುಂಬ ಗಿರಿಜಾ ಮೀಸೆ. ತಿಪ್ಪೇಶಪ್ಪನಿಗೆ ಕಣ್ಣು ಮಂಜಾಗಿ ಗೊಂಬೆ ಮಾಡುವುದು ನಿಂತುಹೋದ ಎರಡು ವರ್ಷ, ನೆಂಟರನ್ನು ವಿಚಾರಿಸುವ ಹಾಗೆ ಜನ "ಸಲಾಮಪ್ಪ ಬರಲಿಲ್ವಾ?" ಎಂದು ವಿಚಾರಿಸಿದ್ದರು. ಈ ಸಂತೆಗೆ ಬರ್ತಾನಂತೆ, ಮಗಳು ಮಾಡ್ಯಾಳಂತೆ ಎಂದು ಸುದ್ದಿ ಹಬ್ಬಿದ್ದಕ್ಕೇ ಇವತ್ತು ಇಷ್ಟು ಜನ.

ಅಪ್ಪನಿಗೂ ಮಗಳಿಗೂ ಒಂದು ಮಾತಾಗಿತ್ತು. ಈ ಸಂತೆಯಲ್ಲಿ ಜನ ಗೊಂಬೆ ಒಪ್ಪಿದರೆ ಕತ್ತರಿ, ಇಕ್ಕಳ, ಬೆಸುಗೆ ಕಡ್ಡಿ ಎಲ್ಲ ಓಬವ್ವನದು. ಒಪ್ಪದಿದ್ದರೆ ಅವನ್ನೆಲ್ಲ ಕೊಡ ಬೆಸೆಯುವ ಅಂಗಡಿಯವನಿಗೆ ಕೊಟ್ಟು, ಅವಳು ನಾಳೆಯಿಂದಲೇ ಕಡಲೆಕಾಯಿ ಮಿಲ್ಲಿಗೆ ಹೋಗಬೇಕು.

"ಬಣ್ಣನೂ ಬದಲಾಯ್ಸ್ಯಾಳೆ ನೋಡ್ರಿ" ಎಂದು ಒಬ್ಬ ಶುರುಮಾಡಿದ. "ಕೆಂಪು ರುಮಾಲು ಇಲ್ಲ. ನೀಲಿ ಅಂಗಿ!"

"ಮೀಸೆ ಎಲ್ಲೈತಪ್ಪ? ಮೀಸೆ ಇಲ್ದ ಸಲಾಮಪ್ಪ ಯಾವ ಸೀಮೆ ಸಲಾಮಪ್ಪ?"

"ನಮ್ಮನೇಲಿ ಮೂರು ಅದಾವೆ ಕಣ್ರಿ. ಮಗ್ಳು ಗಂಡನ ಮನೆಗೂ ಒಂದು ತಗೊಂಡೋದ್ಲು. ಹಳೇದ್ರಲ್ಲಿ ಒಂದು ಮರ್ಯಾದೆ ಇತ್ತು. ಇದು ನೋಡು, ಸಾಲ ವಸೂಲಿಗೆ ಬಂದೋನ ಥರ ನಿಂತೈತೆ."

"ಏನೇ ಅನ್ರಿ, ಮುಖ ಮಾತ್ರ ಲಕ್ಷಣವಾಗೈತೆ."

"ನಿಂಗೇನ್ ಗೊತ್ತಾತದೆ ಸುಮ್ನಿರಲೇ, ನೀನು ನಿನ್ನೆ ಹುಟ್ಟಿದೋನು."

ಓಬವ್ವನಿಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದ್ದ ಸರ್ವಮಂಗಳಮ್ಮ ಟೀಚರು ತರಕಾರಿ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲಿಗೆ ಬಂದರು. "ಜಪಾನ್ ದೇಶದಾಗೆ ಯಂತ್ರದ ಮನುಷ್ಯನ್ನ ಮಾಡ್ಯಾರಂತೆ, ಪೇಪರ್‌ನಾಗೆ ಬಂದಿತ್ತು. ಅದೇನು ಎಲ್ರಿಗೂ ಸಲಾಮು ಹೊಡ್ಕೊಂಡು ತಿರುಗ್ತೈತೇನ್ರಿ?"

"ಅಕ್ಕೋರೆ, ಜಪಾನ್‌ನೋರೂ ಬಗ್ಗಿ ಬಗ್ಗಿ ನಮಸ್ಕಾರ ಮಾಡೋ ಪೈಕಿನೇ ಅಂತೆ!" ಎಂದು ಯಾರೋ ಮೂಲೆಯಿಂದ ಕೂಗಿದ. ಮತ್ತೆ ನಗು. ಟೀಚರಿಗೂ ನಗು ತಡೆಯಲಿಲ್ಲ.

ಇಷ್ಟು ಹೊತ್ತೂ ಬಾಯಿ ಬಿಡದೆ ಕೂತಿದ್ದವರು ಮರುಳಸಿದ್ದಪ್ಪ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಂಗಡಿಗಳಿಗೆಲ್ಲ ಬಳೆ, ಬಲೂನು, ಬೊಂಬೆ ಒದಗಿಸುವ ಸಾವ್ಕಾರರು. ಅವರು ಗೊಂಬೆಯನ್ನು ಎತ್ತಿ, ತಿರುಗಿಸಿ, ಬೆಸುಗೆಯ ಮೇಲೆ ಉಗುರಾಡಿಸಿದರು.

"ಕೆಲ್ಸ ಚೊಕ್ಕ ಐತವ್ವ. ನಿಮ್ಮಪ್ಪಂದಕ್ಕಿಂತ ಚೊಕ್ಕ. ಸಲಾಮು ಹಾಕ್ಕೊಡು, ಮೂರು ಡಜನ್ ಇವತ್ತೇ ಹೇಳ್ತೀನಿ. ಇಲ್ದಿದ್ರೆ ಬ್ಯಾಡ. ಜನ ಕೇಳೋದೇ ಅದನ್ನ."

ಮೂರು ಡಜನ್ ಎಂದರೆ ಮಿಲ್ಲಿನ ಮಾತೇ ಇಲ್ಲ. ಓಬವ್ವ ಬಾಯಿ ತೆರೆಯುವುದರೊಳಗೆ ಹೊರಗಿನಿಂದ ಅಪ್ಪನ ದನಿ ಬಂತು.

"ಹಾಕ್ತಾಳೆ ಬಿಡ್ರಿ ಸಾವ್ಕಾರ್ರೆ. ಏನು ಮಹಾ, ಒಂದು ತಂತಿ ಕೆಲ್ಸ. ಓಬಿ, ತಾ ಇಲ್ಲಿ ಅದನ್ನ."

ಅವಳು ಗೊಂಬೆಯನ್ನು ಒಯ್ದು ಅಪ್ಪನ ಕೈಗಿಟ್ಟಳು. ತಿಪ್ಪೇಶಪ್ಪನ ಬೆರಳು ಕಾಲು ಮುಟ್ಟಿ, ಕೀಲಿ ಮುಟ್ಟಿ, ಸೊಂಟಕ್ಕೆ ಬಂದು ತಡವರಿಸಿತು. ಇನ್ನೊಂದು ಸಲ ಹುಡುಕಿತು. ಸೊಂಟದಲ್ಲಿ ಮಡಿಕೆ ಇಲ್ಲ, ಜೋಡಣೆ ಇಲ್ಲ. ಭುಜದಿಂದ ತೊಡೆಯವರೆಗೆ ಒಂದೇ ತಗಡು.

"ಈ ಅಳತೆ ತಗಡು ಎಲ್ಲಿ ಸಿಕ್ತು ನಿಂಗೆ?"

"ಅಟ್ಟದ ಮೇಲೆ. ಹಳೇ ತಗಡಿನ ಕಟ್ಟಿನ ಅಡಿಗೆ ಇತ್ತು. ತುಕ್ಕು ಹಿಡಿದಿತ್ತು, ಉಜ್ಜಿ ತೆಗ್ದೆ. ಯಾರ್ದಪ್ಪ ಅದು?"

ಅವನು ಗೊಂಬೆಯ ಸೊಂಟವನ್ನು ಹೆಬ್ಬೆರಳಿನಲ್ಲಿ ಸವರುತ್ತಲೇ ಇದ್ದ.

"ನಂದೇ" ಎಂದ ಕೊನೆಗೆ. "ಮೊದ್ಲು ಮಾಡಿದ್ದು ಇದ್ನೇ. ಸಲಾಮು ಇರ್ಲಿಲ್ಲ ಆವಾಗ. ಇದೇ ಸಂತೆಗೆ ತಂದಿದ್ದೆ, ನೀನಿನ್ನೂ ಹುಟ್ಟಿರ್ಲಿಲ್ಲ. ದೊಡ್ಡೋರೊಬ್ರು ಕೀಲಿ ತಿರುಗ್ಸಿ ಬಿಟ್ರು. ಇದು ಹೋಗಿ ಅವರ ಮುಂದೆ ನಿಂತ್ಕಂತು. 'ಏನ್ಲೇ, ನಿನ್ನ ಗೊಂಬೆ ನನ್ ಮುಂದೆ ನೆಟ್ಟಗೆ ನಿಂತೈತೆ' ಅಂದ್ರು. ತಮಾಷಿಗೇ ಅಂದಿದ್ದು. ಎಲ್ಲಾರೂ ನಕ್ರು. ನಾನೂ ನಕ್ಕೆ."

"ಆಮೇಲೆ?"

"ಮುಂದಿನ್ ಸಂತೆಗೆ ಸೊಂಟ ಕತ್ತರಿಸ್ದೆ."

ಒಳಗೆ ಗಿಡ್ಡಪ್ಪ ಸೋಸುವ ಬಟ್ಟೆಯನ್ನು ಪಕ್ಕಕ್ಕಿಟ್ಟು, ಗಲ್ಲಾದ ಮೇಲೆ ಹತ್ತು ವರ್ಷದಿಂದ ನಿಂತಿದ್ದ ತನ್ನ ಸಲಾಮಪ್ಪನನ್ನು ಕೆಳಗಿಳಿಸಿದ.

"ಸುಮ್ನೆ ಬಾಯ್ಮಾತು ಯಾಕೆ? ಎರಡನ್ನೂ ಬಿಡಾನ. ಇದ್ರ ರಬ್ಬರು ಹೋದ ತಿಂಗ್ಳು ಓಬವ್ವನೇ ಹಾಕ್ಕೊಟ್ಟಿದ್ದು, ಹಳೇದು ಅನ್ನಂಗಿಲ್ಲ ಮತ್ತೆ."

ಓಬವ್ವ ಅಪ್ಪನ ಕೈಯಿಂದ ಗೊಂಬೆ ತೆಗೆದುಕೊಂಡು ಒಳಗೆ ಬಂದಳು. ಮರುಳಸಿದ್ದಪ್ಪನವರೇ ಕೀಲಿ ತಿರುಗಿಸಿದರು, ಇದಕ್ಕೆ ಇಪ್ಪತ್ತು ಸುತ್ತು, ಅದಕ್ಕೆ ಇಪ್ಪತ್ತು. ಎರಡೂ ಮೇಜಿನ ಆ ತುದಿಯಿಂದ ಟಕ್ ಟಕ್ ಎಂದು ಹೊರಟವು. ಜನ ಗಟ್ಟಿಯಾಗಿ ಎಣಿಸಿದರು. ಏಳಕ್ಕೆ ಹಳೆಯದು ಗಕ್ಕನೆ ನಿಂತು, ಸೊಂಟ ಬಾಗಿಸಿ, ಹಣೆಗೆ ಕೈಯೊಯ್ದಿತು. ಅಭ್ಯಾಸಬಲದಿಂದ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು.

ನೀಲಿ ಅಂಗಿಯದು ನಿಲ್ಲಲಿಲ್ಲ.

"ಎಂಟು!" ಎಂದ ಗಿಡ್ಡಪ್ಪ. "ಒಂಬತ್ತು!" ಬಾಗುವುದಕ್ಕೆ ಹೋಗುತ್ತಿದ್ದ ರಬ್ಬರಿನ ಕಸುವೆಲ್ಲ ಇದರ ಕಾಲಿಗೇ ಉಳಿದಿತ್ತು. ಮೀಸೆ ಕೇಳಿದ್ದವನೂ ಎದ್ದು ನಿಂತು ಹತ್ತು ಎಂದ. ಹನ್ನೊಂದು ಎಂದಾಗ ಮರುಳಸಿದ್ದಪ್ಪನವರ ದನಿಯೂ ಅದರಲ್ಲಿತ್ತು. ಹನ್ನೆರಡಕ್ಕೆ ಅದು ನಿಂತಿತು.

ಸಾವ್ಕಾರರು ಕೆನ್ನೆ ಕೆರೆದುಕೊಂಡರು. "ಒಂದು ಡಜನ್ ಕೊಡು, ನೋಡಾನ. ಮೂರಲ್ಲ ಮತ್ತೆ, ಒಂದೇ. ಹೊನ್ನಾಳಿ ಹುಡುಗ್ರು ಎಣಿಸ್ತಾವೋ ಏನೋ."

"ಹಿಂಗೇನಾ?"

"ಹಿಂಗೇ ಕೊಡವ್ವ."

"ಮೀಸೆನಾದ್ರೂ ಇಡಬಹುದಿತ್ತು" ಎಂದು ಮೀಸೆ ಕೇಳಿದ್ದವನು ಗೊಣಗಿದ. "ಮುಂದಿನ್ ಸಂತೆಗೆ ನಿನ್ ಮೀಸೇನೇ ಕೊಡು, ಅಂಟಿಸ್ತಾಳೆ" ಎಂದರು ಸರ್ವಮಂಗಳಮ್ಮ.

ಗದ್ದಲದ ನಡುವೆ ತಿಪ್ಪೇಶಪ್ಪ ಹೊರಗಿನಿಂದ ಕೂಗಿದ. "ಓಬಿ, ಇನ್ನೊಂದ್ಸಲ ಬಿಡು. ಈ ಕೂಗಾಟದಾಗೆ ನಂಗೆ ಹೆಜ್ಜೆ ಕೇಳ್ಸಲಿಲ್ಲ."

"ಅಲ್ಲಿಂದ ಹೆಂಗೆ ಕೇಳ್ತೈತಪ್ಪ?" ಎಂದಳು ಓಬವ್ವ.

ತಿಪ್ಪೇಶಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಗೋಡೆ ಹಿಡಿದು ಎದ್ದ. ಅವನ ಕಾಲು ಮೆಟ್ಟಿಲನ್ನು ಹುಡುಕಿತು. ಒಂದು, ಎರಡು. ಗಿಡ್ಡಪ್ಪ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಬೆಂಚಿನ ತುದಿಯಲ್ಲಿ ಕೂತಿದ್ದ ಮರುಳಸಿದ್ದಪ್ಪನವರು ತಮ್ಮ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ತಿಪ್ಪೇಶಪ್ಪ ಆ ಜಾಗವನ್ನು ಕೈಯಲ್ಲಿ ಮುಟ್ಟಿ ನೋಡಿ, ಕೂತು, ಮೇಜಿನ ಮೇಲೆ ಎರಡೂ ಅಂಗೈ ಊರಿದ.

ಓಬವ್ವ ಇಪ್ಪತ್ತು ಸುತ್ತು ತಿರುಗಿಸಿ ಬಿಟ್ಟಳು. ಟಕ್ ಟಕ್ ಎಂದು ಅದು ಅವನ ಕಡೆಗೇ ಹೊರಟಿತು. ಈ ಸಲ ಯಾರೂ ಎಣಿಸಲಿಲ್ಲ. ಅವನ ತುಟಿ ಮಾತ್ರ ಅಲುಗುತ್ತಿತ್ತು. ಏಳರ ಹತ್ತಿರ ಅವನ ಹೆಗಲು ತನ್ನಷ್ಟಕ್ಕೆ ಒಂದಿಷ್ಟು ಮುಂದಕ್ಕೆ ಬಾಗಿ, ಹಾಗೇ ತಡೆದು ನಿಂತಿತು.

ಗೊಂಬೆ ನಡೆದು ಬಂದು ಅವನ ಎರಡು ಅಂಗೈಗಳ ನಡುವೆ ನಿಂತಿತು. ಗಿಡ್ಡಪ್ಪ ಅದರ ಪಕ್ಕದಲ್ಲಿ, ಎಲ್ಲರಿಗೂ ಕೊಡುವಂಥದೇ ಒಂದು ಲೋಟದಲ್ಲಿ, ಚಾ ತಂದಿಟ್ಟ.